ಹೆವಿ ಮೆಟಲ್ ಸಂಗೀತ ಮತ್ತು ವಿಲಾಪದ ಪ್ರಾರ್ಥನೆ

ಮಾಗಡಿ ರಸ್ತೆಯ ಆಸುಪಾಸಿನ ಧರ್ಮಕೇಂದ್ರಗಳಲ್ಲಿ ಯುವಜನರೊಂದಿಗೆ ಮಾತಿಗೆ ಕುಳಿತಾಗ ಒಂದು ಪ್ರಶ್ನೆಯನ್ನು ನಾವು ಮತ್ತೆ ಮತ್ತೆ ಎದುರಿಸುತ್ತೇವೆ: ಹೆವಿ ಮೆಟಲ್ ಸಂಗೀತವನ್ನು ಆಲಿಸುವುದು ಪಾಪವೇ? ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ಪೀಣ್ಯಗಳಲ್ಲಿ ಓದುವ, ದುಡಿಯುವ ತರುಣರು ತಲೆಬುರುಡೆಯ ಚಿತ್ರವುಳ್ಳ ಕಪ್ಪು ಅಂಗಿ ತೊಟ್ಟು ಬಲಿಪೂಜೆಗೆ ಬಂದಾಗ ಹಿರಿಯರು ಕಳವಳಗೊಳ್ಳುವುದು ಸಹಜ. ಆದರೆ 'ಸೈತಾನನ ಸಂಗೀತ' ಎಂಬ ಒಂದೇ ಮಾತಿನಲ್ಲಿ ತೀರ್ಪು ನೀಡಿದರೆ, ಆ ತರುಣನು ಸಂಗೀತವನ್ನಲ್ಲ, ದೇವಾಲಯವನ್ನೇ ತೊರೆಯುವ ಸಂಭವ ಹೆಚ್ಚು. ಆದುದರಿಂದ ಈ ಸಂಗೀತದ ಚರಿತ್ರೆಯ ಕೆಲವು ಮುಖ್ಯ ಘಟ್ಟಗಳನ್ನು ವಿಶ್ವಾಸದ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ.

ಕಾರ್ಖಾನೆಯಲ್ಲಿ ಹುಟ್ಟಿದ ನಾದ

ಇಂಗ್ಲೆಂಡಿನ ಕೈಗಾರಿಕಾ ನಗರ ಬರ್ಮಿಂಗ್‌ಹ್ಯಾಮ್‌ನಲ್ಲಿ, 1965ರಲ್ಲಿ, ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಹದಿನೇಳರ ಹರೆಯದ ಟೋನಿ ಅಯೋಮಿ ತನ್ನ ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರಕ್ಕೆ ಕಳೆದುಕೊಂಡನು. ಎಡಗೈಯಿಂದ ಗಿಟಾರ್ ಮೀಟುವ ಅವನಿಗೆ ಸ್ವರ ಒತ್ತುವ ಕೈ ಅದೇ ಆಗಿತ್ತು. ಅವನು ಪ್ಲಾಸ್ಟಿಕ್ಕನ್ನು ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡನು. ತೆಳುವಾದ ತಂತಿಗಳನ್ನು ಕಟ್ಟಿದನು. ಮುಂದೆ ಅವುಗಳನ್ನು ಸಡಿಲಿಸಿ ಶ್ರುತಿಯನ್ನೂ ತಗ್ಗಿಸಿದನು. ಹೆವಿ ಮೆಟಲ್‌ನ ಗುರುತಾದ ಆ ಭಾರವಾದ, ತಗ್ಗಿದ ನಾದದ ಹಿಂದೆ ಒಬ್ಬ ಕಾರ್ಮಿಕನ ಗಾಯವಿದೆ. ಪವರ್ ಪ್ರೆಸ್ ಯಂತ್ರಗಳ ನಡುವೆ ಬಾಳುವ ಪೀಣ್ಯದ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಅಯೋಮಿಯ 'ಬ್ಲ್ಯಾಕ್ ಸಬ್ಬತ್' ತಂಡದ ಮೊದಲ ಧ್ವನಿಮುದ್ರಿಕೆ 1970ರ ಫೆಬ್ರವರಿ 13ರಂದು ಹೊರಬಂದಿತು. ಅದರ ಮೊದಲ ಗೀತೆಯಲ್ಲಿ ಪಾಶ್ಚಾತ್ಯ ಸಂಗೀತಶಾಸ್ತ್ರವು 'ಸಂಗೀತದೊಳಗಿನ ಪಿಶಾಚಿ' ಎಂದು ಹೆಸರಿಸಿದ ಕರ್ಕಶ ಸ್ವರಾಂತರವಿದೆ. ಮಧ್ಯಯುಗದ ಧರ್ಮಸಭೆ ಅದನ್ನು ನಿಷೇಧಿಸಿತ್ತೆಂಬ ಕಥೆ ಜನಪ್ರಿಯವಾದರೂ ಅದಕ್ಕೆ ಆಧಾರವಿಲ್ಲ. ಆ ಹೆಸರು ಹದಿನೆಂಟನೆಯ ಶತಮಾನದ ಆದಿಭಾಗದ ಶಾಸ್ತ್ರಗ್ರಂಥಗಳಲ್ಲಿ ಕಾಣಸಿಗುತ್ತದೆ. ತಂಡದ ಬಹುಪಾಲು ಸಾಹಿತ್ಯವನ್ನು ಬರೆದ ಗೀಜರ್ ಬಟ್ಲರ್ ಐರಿಷ್ ಕಥೋಲಿಕ ಕುಟುಂಬದಲ್ಲಿ ಬೆಳೆದವರು. 1971ರ ಅವರ 'ಆಫ್ಟರ್ ಫಾರೆವರ್' ಗೀತೆಯು ಸಾವಿನ ಮುಂದೆ ನಿಂತು ದೇವರನ್ನು ಕುರಿತು ಚಿಂತಿಸುವಂತೆ ಕೇಳುಗನನ್ನು ಒತ್ತಾಯಿಸುತ್ತದೆ.

ಮೃಗದ ಸಂಖ್ಯೆ ಮತ್ತು ತಾಯಿಯ ಸಾವು

1982ರಲ್ಲಿ 'ಐರನ್ ಮೇಡನ್' ತಂಡವು 'ದ ನಂಬರ್ ಆಫ್ ದ ಬೀಸ್ಟ್' ಧ್ವನಿಮುದ್ರಿಕೆಯನ್ನು ಹೊರತಂದಾಗ ಅಮೆರಿಕದ ಕೆಲವು ಕ್ರೈಸ್ತರು ಪ್ರತಿಭಟಿಸಿ ಅದರ ತಟ್ಟೆಗಳನ್ನು ನಾಶಪಡಿಸಿದರು. ಆದರೆ ಆ ಶೀರ್ಷಿಕೆಗೀತೆಯಲ್ಲಿ ಮಾತನಾಡುವವನು ಪಿಶಾಚಿಯ ಆರಾಧಕನಲ್ಲ, ದುಃಸ್ವಪ್ನದಿಂದ ಬೆಚ್ಚಿದ ಮನುಷ್ಯ. ಪ್ರಕಟನಾ ಗ್ರಂಥದ 13ನೆಯ ಅಧ್ಯಾಯದ 666 ಎಂಬ ಸಂಖ್ಯೆಯನ್ನು ಬಹುಮಂದಿ ಬೈಬಲ್ ಪಂಡಿತರು ಹೀಬ್ರೂ ಅಕ್ಷರಗಳಲ್ಲಿ ಬರೆದ 'ನೀರೋ ಚಕ್ರವರ್ತಿ' ಎಂಬ ಹೆಸರಿನ ಮೊತ್ತವೆಂದು ತಿಳಿಯುತ್ತಾರೆ. ಅದು ಮಂತ್ರಸಂಖ್ಯೆಯಲ್ಲ; ದೇವರ ಸ್ಥಾನವನ್ನು ಕಸಿದುಕೊಳ್ಳುವ ಅಧಿಕಾರದ ವಿರುದ್ಧ ಹಿಂಸೆಗೊಳಗಾದ ವಿಶ್ವಾಸಿಗಳ ಸಾಕ್ಷ್ಯ. ಈ ಪಾಠವನ್ನು ನಮ್ಮ ಜನರಿಗೆ ನಾವೇ ಕಲಿಸದಿದ್ದರೆ ಅವರು ಅದನ್ನು ಚಲನಚಿತ್ರಗಳಿಂದ ಕಲಿಯುತ್ತಾರೆ.

'ಮೆಟಾಲಿಕಾ' ತಂಡದ ಜೇಮ್ಸ್ ಹೆಟ್‌ಫೀಲ್ಡ್ ಅವರ ಕಥೆ ಇನ್ನೂ ಗಂಭೀರವಾದುದು. ಅವರ ತಂದೆತಾಯಿಗಳು ಕ್ರಿಶ್ಚಿಯನ್ ಸೈನ್ಸ್ ಪಂಥದವರು. ಆ ಪಂಥದ ನಂಬಿಕೆಯಂತೆ ವೈದ್ಯಕೀಯ ಚಿಕಿತ್ಸೆಯನ್ನು ನಿರಾಕರಿಸಿದ ತಾಯಿ, ಮಗನ ಹದಿಹರೆಯದಲ್ಲೇ ಕ್ಯಾನ್ಸರ್‌ನಿಂದ ತೀರಿಕೊಂಡರು. 1991ರ 'ದ ಗಾಡ್ ದಟ್ ಫೇಲ್ಡ್' ಗೀತೆ ಆ ನೋವಿನ ಫಲ. ಶೀರ್ಷಿಕೆಯನ್ನು ಮಾತ್ರ ಓದಿದವರಿಗೆ ಇದು ದೇವದೂಷಣೆಯಾಗಿ ತೋರಬಹುದು. ಆದರೆ ಸಿರಾಖನ ಗ್ರಂಥದ 38ನೆಯ ಅಧ್ಯಾಯವು ವೈದ್ಯನನ್ನೂ ಔಷಧವನ್ನೂ ದೇವರ ದಾನವೆಂದು ಗೌರವಿಸುತ್ತದೆ. ಮಗ ಕೋಪಗೊಂಡದ್ದು ಔಷಧವನ್ನು ನಿರಾಕರಿಸುವ ದೇವರ ಚಿತ್ರದ ಮೇಲಾದರೆ, ಆ ಚಿತ್ರವನ್ನು ನಮ್ಮ ಧರ್ಮಗ್ರಂಥವೂ ಒಪ್ಪುವುದಿಲ್ಲ.

ಬೆಂಗಳೂರಿನ ಘಟ್ಟಗಳು

2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಹಾಡಿತು. 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಮೆಟಾಲಿಕಾ ಹಾಡಿತು. ಅದಕ್ಕೆ ಎರಡು ದಿನ ಮೊದಲು ದೆಹಲಿ ಸಮೀಪದ ಗುರ್‌ಗಾಂವ್‌ನಲ್ಲಿ ನಡೆಯಬೇಕಿದ್ದ ಕಾರ್ಯಕ್ರಮ ರದ್ದಾಗಿ, ರೊಚ್ಚಿಗೆದ್ದ ಜನರು ವೇದಿಕೆಯನ್ನು ಧ್ವಂಸಗೊಳಿಸಿದ್ದರು. ಆದ್ದರಿಂದ ಭಾರತದಲ್ಲಿ ಆ ತಂಡದ ಮೊದಲ ಪ್ರದರ್ಶನ ಬೆಂಗಳೂರಿನದಾಯಿತು. ಈ ಸಂಗೀತ ನಮ್ಮ ನಗರಕ್ಕೆ ಬಂದುಹೋಗುವ ಅತಿಥಿ ಮಾತ್ರವೂ ಅಲ್ಲ. 1998ರಲ್ಲಿ ಇಲ್ಲಿಯೇ ಹುಟ್ಟಿದ 'ಕ್ರಿಪ್ಟೋಸ್' ತಂಡವು 2013ರಲ್ಲಿ ಜರ್ಮನಿಯ ಪ್ರಸಿದ್ಧ ವಾಕೆನ್ ಉತ್ಸವದಲ್ಲಿ ನುಡಿಸಿತು. ಅದರ 2012ರ ಧ್ವನಿಮುದ್ರಿಕೆಯ ಶೀರ್ಷಿಕೆಯಲ್ಲಿರುವ 'ಅಪೊಲಿಯೋನ್' ಎಂಬ ಹೆಸರು ಪ್ರಕಟನಾ ಗ್ರಂಥದ 9ನೆಯ ಅಧ್ಯಾಯದಲ್ಲಿದೆ. ನಮ್ಮ ಧರ್ಮೋಪದೇಶ ತರಗತಿಗಳಲ್ಲಿ ನಾವು ವಿರಳವಾಗಿ ತೆರೆಯುವ ಪುಟಗಳನ್ನು ಈ ತರುಣರು ತೆರೆದಿದ್ದಾರೆ.

ವಿವೇಚನೆಯ ಮಾರ್ಗ

ಹಾಗೆಂದು ಎಲ್ಲವನ್ನೂ ಒಪ್ಪಿಕೊಳ್ಳುವುದು ವಿವೇಚನೆಯಲ್ಲ. ನಾರ್ವೆಯಲ್ಲಿ 1992ರ ಜೂನ್ 6ರಂದು ಫಾಂಟೋಫ್ಟ್‌ನ ಪುರಾತನ ಮರದ ದೇವಾಲಯ ಬೆಂಕಿಗೆ ಆಹುತಿಯಾಯಿತು; ಆ ಕಾಲದ ದೇವಾಲಯ ದಹನಗಳಿಗಾಗಿ ಬ್ಲ್ಯಾಕ್ ಮೆಟಲ್ ವಲಯದ ಕೆಲವು ಸಂಗೀತಗಾರರು ಶಿಕ್ಷೆಗೊಳಗಾದರು. ದ್ವೇಷವನ್ನು ಬೋಧಿಸುವ ಹಾಡು ಯಾವ ರಾಗದಲ್ಲಿದ್ದರೂ ತ್ಯಾಜ್ಯವೇ. ಮುಂದೆ ಪೋಪ್ ಹದಿನಾರನೆಯ ಬೆನೆಡಿಕ್ಟರಾದ ಕಾರ್ಡಿನಲ್ ರಾಟ್ಸಿಂಗರ್ ಅವರು 2000ದಲ್ಲಿ ಪ್ರಕಟವಾದ ದೈವಾರಾಧನೆಯ ಕುರಿತ ತಮ್ಮ ಗ್ರಂಥದಲ್ಲಿ, ರಾಕ್ ಉತ್ಸವಗಳು ಕ್ರೈಸ್ತ ಆರಾಧನೆಗೆ ಎದುರಾದ ಇನ್ನೊಂದು ಆರಾಧನೆಯ ರೂಪ ತಾಳುತ್ತವೆಂದು ಎಚ್ಚರಿಸಿದರು. ಜನಸಮೂಹದಲ್ಲಿ ತನ್ನನ್ನು ತಾನು ಕಳೆದುಕೊಳ್ಳುವುದು ಪ್ರಭುವಿನಲ್ಲಿ ತನ್ನನ್ನು ಕಂಡುಕೊಳ್ಳುವುದಕ್ಕೆ ಸಮವಲ್ಲ ಎಂಬ ಅರಿವಿಗೆ ಈ ಎಚ್ಚರಿಕೆ ನಮ್ಮನ್ನು ತರುತ್ತದೆ.

ಇನ್ನೊಂದೆಡೆ, ಅಯೋಮಿಯ ಬೆರಳು ತುಂಡಾದ ಅದೇ 1965ರ ಡಿಸೆಂಬರ್ 7ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಹೊರಡಿಸಿದ 'ಗೌದಿಯುಮ್ ಎತ್ ಸ್ಪೆಸ್' ಸಂವಿಧಾನವು, ಕಲೆಗಳು ಮಾನವನ ಸಂಕಟಗಳನ್ನೂ ಅಭಿವ್ಯಕ್ತಿಸುತ್ತವೆಂದು 62ನೆಯ ಪರಿಚ್ಛೇದದಲ್ಲಿ ಮನ್ನಿಸಿತು. ಕೀರ್ತನೆ 88 ಇದಕ್ಕೆ ಮಾದರಿ. ಅದು ಸಾಂತ್ವನದ ಮಾತಿಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದು ಪ್ರಾರ್ಥನೆ, ಏಕೆಂದರೆ ಮೊದಲಿನಿಂದ ಕಡೆಯವರೆಗೆ ಅದರ ಮಾತು ದೇವರನ್ನೇ ಉದ್ದೇಶಿಸಿದೆ. ಹೆವಿ ಮೆಟಲ್ ಕತ್ತಲೆಯನ್ನು ಹೆಸರಿಸಬಲ್ಲದು. ಆ ಕೂಗು ಯಾರನ್ನು ಉದ್ದೇಶಿಸಿದೆ ಎಂಬುದನ್ನು ಮಾತ್ರ ಅದು ಹೇಳದೆ ಬಿಡುತ್ತದೆ. ಆ ಕೊರತೆಯನ್ನು ತುಂಬುವುದೇ ಪಾಲಕರ ಕೆಲಸ. ಆದುದರಿಂದ ತರುಣನೊಬ್ಬನು ತನ್ನ ಸಂಗೀತದ ಬಗ್ಗೆ ಪ್ರಶ್ನಿಸಿದಾಗ, ಅದನ್ನು ಬಿಡು ಎನ್ನುವ ಮೊದಲು, ಆ ಹಾಡಿನಲ್ಲಿ ನಿನ್ನ ಯಾವ ನೋವು ಮಾತನಾಡುತ್ತಿದೆ ಎಂದು ಕೇಳೋಣ. ಬಳಿಕ ಅವನೊಂದಿಗೆ ವಿಲಾಪ ಕೀರ್ತನೆಗಳನ್ನು ತೆರೆಯೋಣ. ಪ್ರಭು ಯೇಸು ಮತ್ತಾಯನನ್ನು ಕರೆದದ್ದು ದೇವಾಲಯದ ಅಂಗಳದಿಂದಲ್ಲ, ಅವನು ಕುಳಿತಿದ್ದ ಸುಂಕದ ಕಟ್ಟೆಯಿಂದಲೇ. ಅನಂತರ ಅವನ ಗೆಳೆಯರೊಂದಿಗೆ ಊಟಕ್ಕೂ ಕುಳಿತರು.