ಗಂಧಕದಿಂದ ಕೆಟ್ಟ ವೇಗವರ್ಧಕದ ಪುನರುದ್ಧಾರ

ಗೊಬ್ಬರದ ಅನಿಲದಿಂದ ನಡೆಯುವ ಎಂಜಿನುಗಳಲ್ಲಿ ಸ್ವಲ್ಪ ಮೀಥೇನು ಉರಿಯದೆಯೇ ಹೊಗೆಯೊಡನೆ ಹೊರಬೀಳುವುದು. ಭೂಮಿಯನ್ನು ಕಾಯಿಸುವುದರಲ್ಲಿ ಇದರ ಬಲವು ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ, ಇಂಗಾಲಾಮ್ಲ ವಾಯುವಿನ ಸುಮಾರು 28 ಮಡಿ. ಹೊಗೆಕೊಳವೆಯಲ್ಲಿಡುವ ಪೆಲೇಡಿಯಂ ಲೇಪದ ವೇಗವರ್ಧಕವು ಈ ಮೀಥೇನನ್ನು ಸುಡತಕ್ಕದ್ದು. ಆದರೆ ಅನಿಲದಲ್ಲಿನ ಗಂಧಕವು ಲೋಹಕ್ಕೆ ಅಂಟಿ ಅದನ್ನು ನಿರ್ವೀರ್ಯಗೊಳಿಸುತ್ತದೆ. ಅಷ್ಟಕ್ಕೇ ಅದನ್ನು ಬಿಸಾಡುವುದು ಬೆಲೆಬಾಳುವ ಲೋಹವನ್ನು ತಿಪ್ಪೆಗೆ ಹಾಕಿದಂತೆಯೇ. ಗಾಳಿಯಲ್ಲಿ 600 ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯಿಸಿದರೆ ಗಂಧಕವು ಬಹುಮಟ್ಟಿಗೆ ಬಿಟ್ಟುಹೋಗುವುದು. ಆಮ್ಲಜನಕವನ್ನು ತಡೆದು ಜಲಜನಕ ಬೆರೆತ ಅನಿಲವನ್ನು ಹಾಯಿಸಿದರೆ ಇನ್ನೂ ಕಡಮೆ ಶಾಖವೇ ಸಾಕು. ಇದು ತಜ್ಞರ ಕೆಲಸ. ಶಾಖವು ಮಿತಿಮೀರಿದರೆ ಲೋಹದ ಕಣಗಳು ಒಂದಕ್ಕೊಂದು ಕೂಡಿಕೊಂಡು ವೇಗವರ್ಧಕವು ನಿಜವಾಗಿಯೇ ಕೆಡುವುದು. ಎಂಜಿನಿನ ಎಣ್ಣೆಯಿಂದ ಬರುವ ರಂಜಕವಾದರೋ ಕಾಯಿಸಿದರೂ ಬಿಡದು. ಅನಿಲವನ್ನು ಮೊದಲೇ ತುಕ್ಕುಹಿಡಿದ ಕಬ್ಬಿಣದ ಚೂರುಗಳ ಮೂಲಕ ಹಾಯಿಸಿ ಗಂಧಕವನ್ನು ಕಳೆಯುವವರಿಗೆ ಈ ತೊಂದರೆಯು ಬಹಳ ಕಡಮೆ.