ಅತ್ತರೆ ಉಸಿರು, ಸುಮ್ಮನಾದರೆ ಆಪತ್ತು

ಹಸುಗೂಸು ಅಳೋದು ನಿಲ್ಲಿಸಿದರೆ ಮನೆಯವರೆಲ್ಲ ಉಸ್ಸಪ್ಪಾ ಅಂತಾರೆ. ಆದರೆ ಕೆಲವು ಮಕ್ಕಳ ವಿಷಯದಲ್ಲಿ ಲೆಕ್ಕ ಉಲ್ಟಾ. ಅಳುವಾಗ ಮೈಬಣ್ಣ ಚೆನ್ನಾಗಿರುತ್ತೆ. ಸುಮ್ಮನಾಗಿ ಬಾಯಿ ಮುಚ್ಚಿದ ಕೂಡಲೇ ತುಟಿ ನೀಲಿಗಟ್ಟುತ್ತೆ. ಮತ್ತೆ ಚೀರುತ್ತೆ, ಬಣ್ಣ ವಾಪಸ್ ಬರುತ್ತೆ. ಎದೆಗೆ ಹಾಕಿದರೆ ಮತ್ತೆ ನೀಲಿ.

ಯಾಕೆ ಹೀಗೆ? ಹುಟ್ಟಿದ ಮೊದಲ ಕೆಲವು ವಾರ ಮಗು ಹೆಚ್ಚುಕಡಿಮೆ ಮೂಗಿನಿಂದಲೇ ಉಸಿರಾಡೋದು. ಬಾಯಿಂದ ಉಸಿರಾಡೋದನ್ನ ಅದು ಆಮೇಲೆ ಕಲಿಯಬೇಕು. ಮೂಗು ಹಿಂದೆ ಗಂಟಲಿಗೆ ಸೇರುವ ಜಾಗದಲ್ಲಿ ಎರಡು ಬಾಗಿಲುಗಳಿವೆ. ಗರ್ಭದಲ್ಲಿರುವಾಗಲೇ ಅವು ತೆರೆದುಕೊಳ್ಳಬೇಕು. ತೆರೆಯದೆ ಮೂಳೆಯೋ, ಮೂಳೆ ಮತ್ತು ಪೊರೆಯೋ ಅಡ್ಡ ನಿಂತರೆ ಅದೇ ಕೋಯೇನಲ್ ಅಟ್ರೀಷಿಯಾ. ಸುಮಾರು 5,000ದಿಂದ 8,000 ಹೆರಿಗೆಗೆ ಒಂದು ಮಗುವಿಗೆ ಹೀಗಾಗುತ್ತೆ, ಹೆಣ್ಣುಮಕ್ಕಳಲ್ಲಿ ಹೆಚ್ಚು. ಬಾಣಂತಿ ಗ್ರಹಣ ನೋಡಿದಳು, ಅದಕ್ಕೇ ಹೀಗಾಯ್ತು ಅನ್ನೋ ಮಾತು ಮಾತ್ರ ದಯವಿಟ್ಟು ಬೇಡ.

ಪತ್ತೆ ಮಾಡೋಕೆ ಮೊದಲಿಗೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಹೆರಿಗೆ ಕೋಣೆಯಲ್ಲೇ ಇರುವ ತೆಳ್ಳನೆಯ ಟ್ಯೂಬನ್ನು ವೈದ್ಯರು ಮೂಗಿನೊಳಗೆ ತೂರಿಸ್ತಾರೆ. 3ರಿಂದ 3.5 ಸೆಂ.ಮೀ. ಹೋಗಿ ನಿಂತುಬಿಟ್ಟರೆ ಅನುಮಾನ, ಸಿಟಿ ಸ್ಕ್ಯಾನ್‌ನಲ್ಲಿ ಖಾತ್ರಿ. ಅಲ್ಲಿಯವರೆಗೆ ಬಾಯಿ ತೆರೆದಿರಬೇಕು, ಅಷ್ಟೇ. ಅದಕ್ಕೊಂದು ಉಪಾಯವಿದೆ: ಹಾಲಿನ ಬಾಟಲಿಯ ನಿಪ್ಪಲ್ಲಿಗೆ ದೊಡ್ಡ ತೂತು ಮಾಡಿ ಬಾಯಲ್ಲಿಟ್ಟು ಪಟ್ಟಿ ಕಟ್ಟೋದು. ಆಸ್ಪತ್ರೆಯವರು ಮಾಡುವ ಕೆಲಸ ಇದು, ಮನೆಯಲ್ಲಿ ಪ್ರಯೋಗ ಬೇಡ. ಇಂಜಿನಿಯರಿಂಗ್ ಓದಿದ ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾಗಿದ್ದು ಈ ಎರಡು ರೂಪಾಯಿ ತಂತ್ರಜ್ಞಾನ! ಹೃದಯ, ಕಣ್ಣು, ಕಿವಿಯನ್ನೂ ಪರೀಕ್ಷಿಸಬೇಕು. ಚಾರ್ಜ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಇವೆಲ್ಲ ಒಟ್ಟಿಗೆ ಬರಬಹುದು.

ಜರ್ಮನಿಯ ಗಟಿಂಗೆನ್‌ನಲ್ಲಿದ್ದ ಪ್ರಸೂತಿ ವೈದ್ಯ ಯೋಹಾನ್ ರೋಡರರ್ ಈ ತೊಂದರೆಯನ್ನು 1755ರಲ್ಲೇ ದಾಖಲಿಸಿದ್ದ. ಆಪರೇಷನ್ ಬಂದದ್ದು ಮುಂದಿನ ಶತಮಾನದಲ್ಲಿ. ಅಂಗುಳ ಕೊಯ್ದು ಮಾಡುವ ವಿಧಾನ ಬಹಳ ಕಾಲ ನಡೀತು, ಆದರೆ ಅದರಿಂದ ಅಂಗುಳದ ಬೆಳವಣಿಗೆಗೆ, ಹಲ್ಲಿನ ಸಾಲಿಗೆ ಪೆಟ್ಟು ಬೀಳ್ತಿತ್ತು. ಈಗ ಮೂಗಿನೊಳಗಿಂದಲೇ ಸಣ್ಣ ಎಂಡೋಸ್ಕೋಪ್ ಬಿಟ್ಟು, ಪರದೆ ನೋಡುತ್ತಾ ಅಡ್ಡಿಯನ್ನು ಕೊರೆದು ತೆಗೀತಾರೆ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಹಿಂಭಾಗವನ್ನೂ ಸ್ವಲ್ಪ ತೆಗೆದು ದಾರಿ ಅಗಲ ಮಾಡ್ತಾರೆ. ಮುಖದ ಮೇಲೆ ಗಾಯ ಇಲ್ಲ.

ದಾರಿ ತೆರೆದದ್ದು ಅರ್ಧ ಕೆಲಸ ಅಷ್ಟೇ. ಗಾಯ ಮಾಯುವಾಗ ದಾರಿ ಮತ್ತೆ ಕಿರಿದಾಗುತ್ತೆ. ಇಲ್ಲಿ ಪೈಪಿನ ಗಣಿತ ನೆನಪು ಮಾಡ್ಕೊಳ್ಳಿ: ಶಾಂತವಾದ ಹರಿವಿನಲ್ಲಿ ಕೊಳವೆಯ ವ್ಯಾಸ ಅರ್ಧವಾದರೆ ಹರಿವು ಅರ್ಧವಾಗಲ್ಲ, ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತೆ. ಮೂಗು ನೇರ ಪೈಪಲ್ಲ, ನಿಜ. ಆದರೂ ಒಂದು ಮಿಲಿಮೀಟರ್ ಎಷ್ಟು ದುಬಾರಿ ಅಂತ ಗೊತ್ತಾಗುತ್ತಲ್ಲ? ಹಿಂದೆ ವಾರಗಟ್ಟಲೆ ಟ್ಯೂಬ್ ಇಡುತ್ತಿದ್ದರು. ಈಗ ಅದು ಬೇಡ ಅನ್ನುವ ಸರ್ಜನ್‌ಗಳೂ ಇದ್ದಾರೆ. ಎರಡೂ ಕಡೆ ವಾದವಿದೆ. ವಾದವಿಲ್ಲದ್ದು ಏನಂದರೆ ಉಪ್ಪುನೀರಿನ ಹನಿ ಮತ್ತು ಹೇಳಿದ ದಿನಕ್ಕೆ ತಪಾಸಣೆ. ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುತ್ತೆ. ಅದು ಮೊದಲ ವೈದ್ಯರು ಕೆಲಸ ಕೆಡಿಸಿದರು ಅಂತಲ್ಲ.

ಒಂದೇ ಕಡೆ ಮುಚ್ಚಿದ್ದರೆ ಕಥೆ ಬೇರೆ. ಮಗು ಚೆನ್ನಾಗೇ ಬೆಳೆಯುತ್ತೆ, ಆದರೆ ಒಂದೇ ಹೊಳ್ಳೆಯಿಂದ ಸದಾ ಗಟ್ಟಿ ಸಿಂಬಳ. ಶೀತ ಅಂತ ವರ್ಷಗಟ್ಟಲೆ ಸಿರಪ್ ಕುಡಿಸ್ತೀವಿ. ತಣ್ಣನೆಯ ಸ್ಟೀಲ್ ಚಮಚವನ್ನು ಮಗುವಿನ ಮೂಗಿನ ಕೆಳಗೆ ಹಿಡಿದು ನೋಡಿ. ಪ್ರತಿ ಸಲವೂ ಒಂದೇ ಕಡೆ ಆವಿ ಮೂಡಿದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಒಳಗೆ ಮುಚ್ಚಿದ ಬಾಗಿಲಿರಬಹುದು. ಅಥವಾ ಅವನೇ ತುರುಕಿಕೊಂಡ ಕಡಲೆಬೀಜ ಇರಬಹುದು!