ಅರವತ್ತರಲ್ಲಿ ಬದಲಾದ ಉದ್ಯಮಿ

‘ಪರಿಸರಕ್ಕಾಗಿ ನಿಮ್ಮ ಕಂಪನಿ ಏನು ಮಾಡುತ್ತಿದೆ?’ 1994ರಲ್ಲಿ ಅಮೆರಿಕದ ಇಂಟರ್‌ಫೇಸ್ ಕಂಪನಿಗೆ ಗ್ರಾಹಕರು ಪದೇ ಪದೇ ಕೇಳತೊಡಗಿದ ಪ್ರಶ್ನೆ ಇದು. ಮಾರಾಟ ವಿಭಾಗದವರ ಬಳಿ ಉತ್ತರವಿರಲಿಲ್ಲ. ಸಂಸ್ಥಾಪಕ ರೇ ಆಂಡರ್ಸನ್ ಅವರ ಬಳಿಯೂ ಇರಲಿಲ್ಲ. ಕಾನೂನು ಪಾಲಿಸಿದರೆ ಸಾಕು ಎಂದೇ ಅವರು ಅಲ್ಲಿಯವರೆಗೆ ನಂಬಿದ್ದರು.

ಜಾರ್ಜಿಯಾ ರಾಜ್ಯದಲ್ಲಿ 1973ರಲ್ಲಿ ಅವರು ಕಟ್ಟಿದ ಈ ಕಂಪನಿ ಕಚೇರಿಗಳ ನೆಲಕ್ಕೆ ಹಾಸುವ ಕಾರ್ಪೆಟ್ ಟೈಲ್‌ಗಳನ್ನು ತಯಾರಿಸುತ್ತದೆ. ನೂಲು ನೈಲಾನಿನದು, ಅದರ ಮೂಲ ಪೆಟ್ರೋಲಿಯಂ. ಹಳೆಯ ಕಾರ್ಪೆಟ್ ಹೆಚ್ಚಾಗಿ ಸೇರುತ್ತಿದ್ದುದು ಕಸದ ರಾಶಿಯನ್ನು.

ಗ್ರಾಹಕರ ಪ್ರಶ್ನೆಗೆ ಉತ್ತರ ಹುಡುಕಲು ನೇಮಕವಾದ ತಂಡ, ಮೊದಲ ಸಭೆಯಲ್ಲಿ ಮಾತನಾಡುವಂತೆ ಆಂಡರ್ಸನ್ ಅವರನ್ನು ಕರೆಯಿತು. ಹೇಳುವುದೇನೆಂದು ತೋಚದೆ ಕೂತಿದ್ದಾಗ ಕೈಗೆ ಬಂದದ್ದು ಪಾಲ್ ಹಾಕೆನ್ ಅವರ ‘ದಿ ಇಕಾಲಜಿ ಆಫ್ ಕಾಮರ್ಸ್’. ಓದುತ್ತಾ ಎದೆಗೆ ಈಟಿ ಇರಿದಂತಾಯಿತು ಎಂದು ಅವರು ಮುಂದೆ ಹಲವು ವೇದಿಕೆಗಳಲ್ಲಿ ಹೇಳಿದರು. ಆಗವರಿಗೆ 60 ವರ್ಷ. ಭೂಮಿಯನ್ನು ಲೂಟಿ ಮಾಡಿದವರಲ್ಲಿ ತಾನೂ ಒಬ್ಬ ಎಂದು ಬಹಿರಂಗವಾಗಿ ಒಪ್ಪಿಕೊಂಡರು.

ಯಜಮಾನರಿಗೆ ತಲೆ ಕೆಟ್ಟಿದೆ ಎಂದುಕೊಂಡವರೂ ಇದ್ದರು. ಆದರೆ ಸ್ವತಃ ಯಜಮಾನರೇ ತಪ್ಪೊಪ್ಪಿಕೊಂಡಾಗ, ಹಳೆಯ ಪದ್ಧತಿಯನ್ನು ಪ್ರಶ್ನಿಸಲು ಕೆಳಗಿನವರಿಗೂ ಧೈರ್ಯ ಬರುತ್ತದೆ. ಇಂಟರ್‌ಫೇಸ್‌ನಲ್ಲಿ ಆದದ್ದೂ ಅದೇ.

ವಿನ್ಯಾಸಕ ಡೇವಿಡ್ ಓಕಿ ತಮ್ಮ ತಂಡದವರನ್ನು ಕಾಡಿಗೆ ಕಳುಹಿಸಿದರು. ಅಲ್ಲಿನ ನೆಲದಲ್ಲಿ ತರಗೆಲೆ, ಕಡ್ಡಿ, ಕಲ್ಲು. ಒಂದರಂತೆ ಇನ್ನೊಂದಿಲ್ಲ, ಆದರೂ ಎಲ್ಲವೂ ಹೊಂದಿಕೊಂಡಿವೆ. ಇದೇ ನೋಟದಿಂದ 2000ದಲ್ಲಿ ‘ಎಂಟ್ರೊಪಿ’ ಟೈಲ್ ಬಂತು. ಯಾವ ದಿಕ್ಕಿಗೆ ಹಾಸಿದರೂ ಸರಿ, ಬಣ್ಣ ತುಸು ಹೆಚ್ಚುಕಡಿಮೆಯಾದರೂ ಎಸೆಯಬೇಕಿಲ್ಲ. ಒಂದರ ಮೇಲೆ ಕಲೆ ಬಿದ್ದರೆ ಅದೊಂದನ್ನೇ ಕಿತ್ತು ಬದಲಿಸಬಹುದು. ವ್ಯರ್ಥವಾಗುವ ಮಾಲು ಇಳಿಯಿತು, ಮಾರಾಟ ಏರಿತು.

ಎಲ್ಲವೂ ಫಲಿಸಲಿಲ್ಲ. ಕಾರ್ಪೆಟ್ಟನ್ನು ಮಾರುವ ಬದಲು ಬಾಡಿಗೆಗೆ ಕೊಟ್ಟು, ಹಳತಾದ ಮೇಲೆ ವಾಪಸ್ ಪಡೆಯುವ ಯೋಜನೆಗೆ ಗ್ರಾಹಕರು ಒಲಿಯಲಿಲ್ಲ. ಆಂಡರ್ಸನ್ ಅದರಿಂದ ಹಿಂಜರಿಯಲಿಲ್ಲ. ವ್ಯರ್ಥವನ್ನು ತಗ್ಗಿಸಿದ್ದರಿಂದಲೇ 40 ಕೋಟಿ ಡಾಲರ್‌ನಷ್ಟು ಖರ್ಚು ತಪ್ಪಿದೆ ಎಂದು 2009ರಲ್ಲಿ ಲೆಕ್ಕ ಕೊಟ್ಟರು.

2020ರೊಳಗೆ ಪರಿಸರಕ್ಕೆ ತನ್ನಿಂದಾಗುವ ಹಾನಿಯನ್ನು ಸೊನ್ನೆಗಿಳಿಸುವುದು ಕಂಪನಿಯ ಗುರಿಯಾಗಿತ್ತು. ಆಂಡರ್ಸನ್ 2011ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ನಂತರ ಬಂದವರು ಆ ಗುರಿಯನ್ನು ಕೈಬಿಡಲಿಲ್ಲ. ಅದನ್ನು ಮುಟ್ಟಿದ್ದೇವೆಂದು ಕಂಪನಿ 2019ರಲ್ಲಿ ಘೋಷಿಸಿತು. ಈಗ ಅದರ ಕಣ್ಣಿರುವುದು 2040ರ ಮೇಲೆ: ಅಷ್ಟರೊಳಗೆ ತಾನು ಹೊರಬಿಡುವುದಕ್ಕಿಂತ ಹೆಚ್ಚು ಇಂಗಾಲವನ್ನು ಹಿಡಿದಿಡುವ ಕಂಪನಿಯಾಗಬೇಕೆಂದು.